ಬಟ್ಟೆಯ ಕರುಳು

ನಮ್ಮಜ್ಜಿ ಒಬ್ಬ ಮನುಷ್ಯನ ಹೊಟ್ಟೆಯನ್ನು ಹದಿನಾಲ್ಕು ತಿಂಗಳು ಕೂತು ಹೊಲಿದಳು.

ಆಸ್ಪತ್ರೆಯ ಹಿಂಬದಿಯಲ್ಲಿ ಮಕ್ಕಳಿಗೆಂದು ಒಂದು ವಸ್ತುಸಂಗ್ರಹಾಲಯವಿದೆ. ಅದಕ್ಕಾಗಿ ಹೊಲಿದದ್ದು. ಒಂದು ಕಾಲದಲ್ಲಿ ನಾಟಕದ ರಾಜರಾಣಿಯರಿಗೆ ಉಡುಪು ಹೊಲಿದ ಕೈ ಅವಳದು. ಕರುಳಿಗೆ ಮಾತ್ರ ಕಡಿಮೆ ಮಾಡುತ್ತಾಳೆಯೇ? ಅನ್ನನಾಳಕ್ಕೆ ಗುಲಾಬಿ ಸ್ಯಾಟಿನ್, ಜಠರಕ್ಕೆ ಒಳಗೆಲ್ಲ ನೆರಿಗೆ ಹಿಡಿದ ಕೆಂಪು ಮಖಮಲ್ಲು, ಪಿತ್ತಕೋಶಕ್ಕೆ ಹಸಿರು ರೇಷ್ಮೆಯ ಪುಟ್ಟ ಚೀಲ, ಅದರಿಂದ ಹರಿಯುವ ಪಿತ್ತಕ್ಕೆ ಹಸಿರು ರಿಬ್ಬನ್ನು. ಸಣ್ಣ ಕರುಳಿಗೆ ಸ್ನಾನದ ಟವೆಲನ್ನು ಒಳಮೈಯಾಗಿ ಕೊಟ್ಟಳು. "ಈ ಎಳೆ ನೋಡೇ, ಒಂದೊಂದೂ ಒಂದು ಬೆರಳು. ಹಾದುಹೋಗೋ ತುತ್ತಿನ ಸಾರ ಎಲ್ಲ ಕದಿಯೋದು ಈ ಬೆರಳೇ."

ದಪ್ಪ ವೈದ್ಯಪುಸ್ತಕವನ್ನು ನಾನು ಓದಿ ಹೇಳುತ್ತಿದ್ದೆ. ಅವಳು ಕಣ್ಣು ಮುಚ್ಚಿ ಕೇಳಿ, ಅದನ್ನೇ ಕಥೆಯಾಗಿ ತಿರುಗಿಸಿ ನನಗೆ ವಾಪಸ್ ಹೇಳುತ್ತಿದ್ದಳು. ತುತ್ತು ಎಂಬ ಪ್ರಯಾಣಿಕ ಮೂವತ್ತೆರಡು ಬೀಸುಕಲ್ಲುಗಳ ನಡುವೆ ನುಗ್ಗಾಗಿ, ಜೊಲ್ಲಿನಲ್ಲಿ ನೆಂದು ಗಂಟಲಿಗೆ ಬರುತ್ತಾನೆ. ಅಲ್ಲಿ ಒಬ್ಬ ಕಾವಲುಗಾರ ಗಾಳಿಯ ಬಾಗಿಲನ್ನು ಪಟ್ಟನೆ ಮುಚ್ಚಿ, ಅನ್ನದ ಬಾಗಿಲು ತೋರಿಸುತ್ತಾನೆ. ಮುಂದೆ ಆಮ್ಲದ ಕೆರೆ. ಅದು ಎಲ್ಲವನ್ನೂ ಕರಗಿಸೀತು, ತನ್ನ ದಡವನ್ನು ಮಾತ್ರ ಕರಗಿಸದು; ದಡಕ್ಕೆ ಲೋಳೆ ಬಳಿಯುವವರು ಬಳಿಯುತ್ತಲೇ ಇರುತ್ತಾರೆ. ಕೆರೆಯ ತೂಬು ಚೂರುಚೂರೇ ತೆರೆಯುತ್ತದೆ. ಆಚೆಗೆ ಪಿತ್ತದ ಹಸಿರು ತೊರೆ ಬಂದು ಸೇರುತ್ತದೆ, ಬೆರಳುಗಳ ಗುಹೆ ಬರುತ್ತದೆ. ಕಟ್ಟಕಡೆಗೆ ದೊಡ್ಡ ಕರುಳು ಎಂಬ ಜಿಪುಣಿ ಅತ್ತೆ. ಒಂದು ಹನಿ ನೀರನ್ನೂ ಹಿಂಡಿಕೊಳ್ಳದೆ ಬಿಡುವವಳಲ್ಲ.

ಆದರೆ ಅಜ್ಜಿಗೆ ಎಲ್ಲಕ್ಕಿಂತ ಹಿಡಿಸಿದ್ದು, ತುತ್ತು ಬೀಳುವುದಿಲ್ಲ ಎಂಬ ಸಂಗತಿ. ಅನ್ನನಾಳದ ಸ್ನಾಯು ತುತ್ತಿನ ಹಿಂದೆ ಬಿಗಿಯಾಗುತ್ತದೆ, ಮುಂದೆ ಸಡಿಲವಾಗುತ್ತದೆ. ಅಲೆ ಅಲೆಯಾಗಿ ತಳ್ಳುತ್ತದೆ. ತಲೆ ಕೆಳಗಾಗಿ ನಿಂತರೂ ನುಂಗಿದ್ದು ಹೊಟ್ಟೆಗೇ ಹೋಗುತ್ತದೆ.

ಅದಕ್ಕೇ ಬಟ್ಟೆಯ ಮನುಷ್ಯನನ್ನು ಅವಳು ಮೇಜಿನ ಮೇಲೆ ಅಂಗಾತ ಮಲಗಿಸಿದಳು. "ನಿಂತವನಿಗೆ ಇಳಿದ್ರೆ ಜನ ಬಿತ್ತು ಅಂತಾರೆ. ಮಲಗಿದವನಿಗೆ ಇಳಿದ್ರೆ ತಾನೇ ಒಳಗೆ ಯಾರೋ ದುಡೀತಿದಾರೆ ಅಂತ ಗೊತ್ತಾಗೋದು?" ಮೇಜಿನ ಹಲಗೆಯಲ್ಲಿ ಉದ್ದಕ್ಕೆ ಒಂದು ಸೀಳು ಬಿಡಿಸಿದಳು. ಸುತ್ತ ನೆಲ ಮುಟ್ಟುವ ಹೊದಿಕೆ. ಅದರೊಳಗೆ ಕೂತವರು ಸೀಳಿನಲ್ಲಿ ಕೈ ತೂರಿಸಿ ನಾಳವನ್ನು ಒತ್ತಬೇಕು. ಅಜ್ಜಿಯ ಮಂಡಿ ಮಡಚದು. ಆ ಕೆಲಸ ನನಗೆ ಬಂತು.

ಸಂಗ್ರಹಾಲಯದ ಮುಖ್ಯಸ್ಥನಿಗೆ ನಾನಿಟ್ಟ ಹೆಸರು ತೇಗಪ್ಪ. ಹದಿನಾಲ್ಕು ತಿಂಗಳಲ್ಲಿ ಎರಡು ಸಲ ಬಂದು, ಫೋನಿನಲ್ಲಿ ಮಾತಾಡುತ್ತಲೇ ಮೇಲೆ ಮೇಲೆ ನೋಡಿ ಹೋಗಿದ್ದ. ತುತ್ತಿಗೆಂದು ಮಾಡಿದ ಉಣ್ಣೆಯ ಚೆಂಡು ತಾನೇ ಉರುಳುತ್ತದೆ, ಕೊನೆಯಲ್ಲಿ ಅದನ್ನು ಹಿಡಿಯಲು ಒಬ್ಬಳು ಹುಡುಗಿ ಇದ್ದಾಳೆ ಎಂದೇ ಅವನ ತಿಳುವಳಿಕೆ. ಬಗ್ಗಿ ನೋಡಿದವನಲ್ಲ.

ಉದ್ಘಾಟನೆಗೆ ವಾರವಿರುವಾಗ ಹಿತ್ತಾಳೆಯ ಫಲಕ ಬಂತು. ಪರಿಕಲ್ಪನೆ, ವಿನ್ಯಾಸ, ನಿರ್ಮಾಣ ಮೂರಕ್ಕೂ ಅವನದೇ ಹೆಸರು.

ಅಜ್ಜಿ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದಳು. "ಸಾರ್, ಎಲ್ಲಾದರೂ ಒಂದು ಮೂಲೇಲಿ ನನ್ನ ಹೆಸರೂ..."

"ಅಯ್ಯೋ ಅಜ್ಜಿ, ಸೂಜಿ ಹಿಡಿದೋರ ಹೆಸರೆಲ್ಲ ಹಾಕೋಕೆ ಇದೇನು ದರ್ಜಿ ಅಂಗಡೀನಾ? ತಲೆ ನಂದು, ದಾರ ನಿಮ್ಮದು. ದಾರದ ಹೆಸರು ಯಾರು ಕೇಳ್ತಾರೆ?"

ಬಾಗಿಲ ಕಾವಲಿನವನು ನಕ್ಕ. ಹಾದುಹೋಗುತ್ತಿದ್ದ ಇಬ್ಬರು ನರ್ಸುಗಳು ನಕ್ಕರು. ಏನು ಮಾಡಬೇಕೆಂದು ತೋಚದೆ ಅಜ್ಜಿಯೂ ಅವರ ಜೊತೆ ನಕ್ಕುಬಿಟ್ಟಳು. ಆ ನಗುವೇ ನನ್ನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

"ಹೊಟ್ಟೆಗೆ ಹಾಕ್ಕೊಂಡುಬಿಡೇ," ಎಂದಳು ದಾರಿಯಲ್ಲಿ.

"ಹೊಟ್ಟೆಗೆ ಸೇರದ್ದನ್ನ ಹೊಟ್ಟೆ ಏನು ಮಾಡುತ್ತೆ ಅಂತ ನೀನೇ ಹೇಳಿಕೊಟ್ಟಿದ್ದೀಯಲ್ಲಜ್ಜಿ."

ಅವಳು ನನ್ನನ್ನು ಓರೆಗಣ್ಣಲ್ಲಿ ನೋಡಿದಳು. ಬೇಡ ಎನ್ನಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಶಾಲೆಯ ಮಕ್ಕಳು. ಅವರ ಹಿಂದೆ ಆಸ್ಪತ್ರೆಯ ವೈದ್ಯರು, ನಡುವೆ ಮುಖ್ಯ ಅತಿಥಿಯಾಗಿ ಬಂದ ಹಿರಿಯ ಡಾಕ್ಟರಮ್ಮ, ನಲವತ್ತು ವರ್ಷ ಜನರ ಹೊಟ್ಟೆ ಕೊಯ್ದು ಹೊಲಿದವರು; ಸಂಗ್ರಹಾಲಯಕ್ಕೆ ಹಣ ಕೊಟ್ಟವರೂ ಅವರೇ. ಅಜ್ಜಿಯನ್ನು ಯಾರೂ ಕರೆದಿರಲಿಲ್ಲ. ಹೊದಿಕೆಯ ಒಳಗೆ ಕಾಲು ಮಡಚಿ ಕೂತ ನನಗೆ ಕಾಣುತ್ತಿದ್ದದ್ದು ತೇಗಪ್ಪನ ಮಿರಮಿರ ಬೂಟು ಮಾತ್ರ.

"ಮಕ್ಕಳೇ, ಇವನನ್ನ ಮಾಡಿದ್ದು ನಾನು. ಈಗ ತುತ್ತು ಹಾಕ್ತೀನಿ. ಅದು ತನ್ನ ಭಾರಕ್ಕೆ ತಾನೇ ಜಾರಿ ಹೊಟ್ಟೆಗೆ ಬೀಳುತ್ತೆ, ನೋಡ್ತಾ ಇರಿ."

ಉಣ್ಣೆಯ ಚೆಂಡು ಬಾಯಿಗೆ ಬಂತು. ನಾನು ಕೈ ಕಟ್ಟಿ ಕೂತೆ.

ಚೆಂಡು ಬಾಯಲ್ಲೇ ಕೂತಿತು. ಆಮೇಲೆ ಒಂದು ಹುಡುಗಿಯ ದನಿ. "ಸಾರ್, ಅವನು ಮಲಗಿದಾನಲ್ಲ, ಎಲ್ಲಿಗೆ ಬೀಳೋದು?"

ಮಕ್ಕಳು ಕಿಸಕ್ಕೆಂದರು. ತೇಗಪ್ಪ ಕೆಮ್ಮಿದ. ಕರವಸ್ತ್ರ ಬೀಳಿಸಿದವನಂತೆ ಬಗ್ಗಿ ಹೊದಿಕೆಯೊಳಗೆ ಮುಖ ತೂರಿಸಿದ. "ಏನಾಯ್ತೇ ಇದಕ್ಕೆ?"

"ನಂಗೇನು ಗೊತ್ತು ಸಾರ್? ಮಾಡಿದೋರು ನೀವು."

"ಏನಾದ್ರೂ ಮಾಡೇ, ಮಾರಾಯ್ತಿ!"

"ಆಗಲಿ ಸಾರ್, ಇನ್ನೊಂದು ಸಲ ಹಾಕಿ."

ಹಾಕಿದ. ಈ ಸಲ ನಾನು ಮನಸ್ಸಿಟ್ಟು ಒತ್ತಿದೆ. ಹಿಂದೆ ಬಿಗಿ, ಮುಂದೆ ಸಡಿಲ. ತುತ್ತು ಗುಲಾಬಿ ನಾಳದಲ್ಲಿ ಹಾವಿನಂತೆ ಸಾಗಿ ಜಠರ ಸೇರಿತು. ಮಕ್ಕಳು ಹೋ ಎಂದರು. ಅವನ ಉಸಿರು ಹಗುರಾದದ್ದು ನನಗೆ ಕೇಳಿಸಿತು. ಆ ಉಸಿರಿಗಾಗಿಯೇ ಕಾದಿದ್ದೆ.

"ನೋಡಿದ್ರಾ? ನಾನು ಹೇಳಲಿಲ್ವಾ, ತಾನೇ..."

ಹಸಿರು ತೊರೆಯ ರಿಬ್ಬನ್ನನ್ನು ತೂಬಿನಿಂದ ಒಳಕ್ಕೆಳೆದು ಚೆಂಡಿಗೆ ಸುತ್ತಿದೆ. ಎರಡೂ ಅಂಗೈಯಲ್ಲಿ ಮಖಮಲ್ಲಿನ ಹೊಟ್ಟೆಯನ್ನು ಹಿಂಡಿದೆ. ಕೆಳಗಿಂದ ಬಿಗಿ, ಮೇಲೆ ಸಡಿಲ. ಚೆಂಡು ಬಂದ ದಾರಿಯಲ್ಲೇ ಓಡಿ, ಬಾಯಿಂದ ಹಾರಿ, ಅವನ ಬಿಳಿ ಕೋಟಿಗೆ ಬಡಿಯಿತು. ಗೇಣುದ್ದದ ಹಸಿರು ರಿಬ್ಬನ್ನು ಗುಂಡಿಗೆ ಸಿಕ್ಕಿ ನೇತಾಡಿದ್ದನ್ನು ಆಮೇಲೆ ಹೊರಬಂದಾಗ ಕಂಡೆ.

"ವಾಂತಿ! ಸಾರ್ ಮೇಲೆ ವಾಂತಿ!"

ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಕಾವಲಿನವನು ಎಲ್ಲರಿಗಿಂತ ಜೋರಾಗಿ. ನಾನು ಕತ್ತಲಲ್ಲಿ ತುಟಿ ಕಚ್ಚಿಕೊಂಡು ಒಂದೊಂದು ನಗುವನ್ನೂ ಸವಿದೆ.

ಹೊದಿಕೆ ಮೇಲೆದ್ದಿತು. ಬಗ್ಗಿದ್ದು ಡಾಕ್ಟರಮ್ಮ. ಸೀಳಿನಲ್ಲಿದ್ದ ನನ್ನ ಕೈಗಳನ್ನು ನೋಡಿದರು, ಮುಖ ನೋಡಿದರು.

"ಓಹೋ. ಪಿತ್ತದ ವಾಂತಿ ಇಷ್ಟು ಸರಿಯಾಗಿ ಮಾಡೋದು ಯಾರು ಕಲಿಸಿದ್ರಮ್ಮ?"

"ಅಜ್ಜಿ. ಇವನನ್ನ ಹೊಲಿದಿದ್ದೂ ಅವಳೇ. ಒಂದೊಂದು ಹೊಲಿಗೆಯೂ."

"ಮೇಡಂ, ಅದು ಹಾಗಲ್ಲ," ತೇಗಪ್ಪ ಬೆವರುತ್ತಿದ್ದ. "ಹೊಲಿಗೆ ಅಷ್ಟೇ ಅವರದ್ದು. ಯೋಚನೆ ಎಲ್ಲ..."

"ಹೌದಾ? ಹಾಗಾದ್ರೆ ಒಳಗೆ ಕೂತು ನೀವೇ ಒಂದು ತುತ್ತು ಇಳಿಸಿ ತೋರಿಸಿ. ಮಕ್ಕಳು ಕಾಯ್ತಿದಾರೆ."

ಕೋಟು, ಬೂಟು, ಹೊಟ್ಟೆ ಸಮೇತ ಅವನು ಮೇಜಿನಡಿಗೆ ತೆವಳಿದ. ತಲೆ ಹಲಗೆಗೆ ಬಡಿದ ಸದ್ದಿಗೆ ಮಕ್ಕಳು ಚಪ್ಪಾಳೆ ತಟ್ಟಿದರು. ಚೆಂಡು ಗಂಟಲಲ್ಲಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಒದ್ದಾಡಿತು. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ತಿಳಿಯದೆ ಎರಡೂ ಕಡೆ ಒಟ್ಟಿಗೇ ಹಿಸುಕುತ್ತಿದ್ದ. ಡಾಕ್ಟರಮ್ಮ ಅವಸರ ಮಾಡಲಿಲ್ಲ. ಐದು ನಿಮಿಷ ಪೂರ್ತಿ ಕೊಟ್ಟರು. ನಾನು ಮೇಲೆ ನಿಂತು, ಅವನ ಬೂಟಿನ ತುದಿ ಪರದಾಡುವುದನ್ನು ನೋಡುತ್ತ, ಇನ್ನೂ ಐದು ಕೊಡಲಿ ಎಂದುಕೊಂಡೆ.

ಆ ಮಧ್ಯಾಹ್ನವೇ ಫಲಕ ಇಳಿಯಿತು. ಹೊಸ ಫಲಕದಲ್ಲಿ ಇರುವುದು ಅಜ್ಜಿಯ ಹೆಸರೊಂದೇ. ಜೊತೆಗೆ ಡಾಕ್ಟರಮ್ಮ ಒಂದು ನಿಯಮ ಬರೆಸಿಟ್ಟು ಹೋದರು: ಪ್ರತಿ ಪ್ರದರ್ಶನದ ಮೊದಲು ಮುಖ್ಯಸ್ಥರು ಆ ಹೆಸರನ್ನು ಮಕ್ಕಳಿಗೆ ಹೇಳಬೇಕು.

ದಿನಕ್ಕೆ ನಾಲ್ಕು ಪ್ರದರ್ಶನ. ನಾನು ಒಳಗೆ, ಅವನು ಹೊರಗೆ. ಅವನು ಹೆಸರನ್ನು ಗೊಣಗಿದರೆ ನನ್ನ ಬೆರಳು ಅಲುಗುವುದಿಲ್ಲ. ಅರ್ಧ ಹೇಳಿದರೆ ತುತ್ತು ಅರ್ಧ ದಾರಿಗೇ ನಿಲ್ಲುತ್ತದೆ. ನಿನ್ನೆ ಗಂಟಲು ಕಟ್ಟಿದೆ ಎಂಬ ನೆಪದಲ್ಲಿ ಪಿಸುಗುಟ್ಟಿದ. ಹಸಿರು ರಿಬ್ಬನ್ನು ಸಮೇತ ವಾಪಸ್ ಕಳಿಸಿದೆ.

ಮನೆಗೆ ಬಂದು ಹೇಳಿದರೆ ಅಜ್ಜಿ ಮೊದಮೊದಲು ಸೆರಗು ಬಾಯಿಗೊತ್ತಿ ನಗುತ್ತಿದ್ದಳು. ಈಗ ನಗುವುದಿಲ್ಲ. "ಸಾಕು ಮಾಡೇ. ನನ್ನ ಹೆಸರು ಬಂತು, ನನ್ನ ಹೊಟ್ಟೆ ತಣ್ಣಗಾಯ್ತು. ಅವನೂ ಮನೇಲಿ ನಾಲ್ಕು ಜನಕ್ಕೆ ಮುಖ ತೋರಿಸಬೇಕಲ್ಲ."

"ಆಯ್ತಜ್ಜಿ," ಎನ್ನುತ್ತೇನೆ.

ಇವತ್ತು ಬೆಳಗಿನ ಪ್ರದರ್ಶನದಲ್ಲಿ ಅವನು ಹೆಸರನ್ನು ಸ್ಪಷ್ಟವಾಗಿ, ಜೋರಾಗಿ, ಒಂದಕ್ಷರ ಬಿಡದೆ ಹೇಳಿದ. ಚೆಂಡನ್ನು ಬಾಯಿಗಿಟ್ಟು ಕಾದ. ಅವನ ಬೂಟು ಆಗಲೇ ಒಂದು ಹೆಜ್ಜೆ ಹಿಂದೆ ಸರಿದಿತ್ತು.

ನಾನು ಬೆರಳು ಎತ್ತಲಿಲ್ಲ. ಇನ್ನೊಂದು ಸಲ ಹೇಳಲಿ.