ಟಕ್ಕೆನ್ನದ ಚಾಕು

ಇದು ನಿಜವಾಗಿ ನಡೆದದ್ದು. ನಂಬದವರಿಗೆ ಸಾಕ್ಷಿಯಾಗಿ ಒಂದು ಮಾವಿನ ಗೊರಟವನ್ನೇ ತೋರಿಸಬಹುದಿತ್ತು. ಏನು ಮಾಡುವುದು, ಅದನ್ನು ಆಡು ಕಚ್ಚಿಕೊಂಡು ಹೋಯಿತು.

೧೯೩೧ರ ಬೇಸಿಗೆ. ಪುಣೆಯ ಶುಕ್ರವಾರ ಪೇಠೆಯ ವಠಾರದಂಥ ವಾಡೆಯೊಂದರಲ್ಲಿ ರೈಲ್ವೆ ಗುಮಾಸ್ತ ಈರಬಸಪ್ಪನವರು ಮಾವು ಬಿಟ್ಟು ಎರಡು ತಿಂಗಳಾಗಿತ್ತು. ಚಾಕರಿಯಲ್ಲಿ ಕಳೆದುಕೊಂಡ ಹರಿತವನ್ನು ಚಾಕುವಿನಲ್ಲಿ ಹುಡುಕುವ ಮನುಷ್ಯ. ಮಡಚುವ ವಿಲಾಯತಿ ಚಾಕುಗಳು ಒಂಬತ್ತು ಕೂಡಿದ್ದವು. ಸ್ವದೇಶಿ ಸಭೆಯೊಂದಕ್ಕೆ ಹೋಗಿಬಂದ ದಿನ ಒಂಬತ್ತನ್ನೂ ಟ್ರಂಕಿಗೆ ತುಂಬಿ ಕೀಲಿ ಹಾಕಿ ಪ್ರತಿಜ್ಞೆ ಮಾಡಿಬಿಟ್ಟರು: ನಮ್ಮವರೇ ಮಾಡಿದ, ಕೋಡಿನ ಹಿಡಿಯ, ಬಿಚ್ಚಿದರೆ ‘ಟಕ್’ ಎನ್ನುವ ಚಾಕು ಸಿಗುವವರೆಗೆ ಮಾವಿನಹಣ್ಣು ಮುಟ್ಟುವುದಿಲ್ಲ!

“ಈಳಗಿ ಸ್ವದೇಶಿ ಅಲ್ಲೇನ್ರಿ?” ಎಂದಿದ್ದರು ಹೆಂಡತಿ ಸಾವಂತ್ರವ್ವ.

“ಈಳಗಿ ಕಿಸೆದಾಗ ಹಿಡಸ್ತದೇನು?”

ಕಸಬಾ ಪೇಠೆಯ ಕಂಬಾರ ಕಾಡಪ್ಪ ಐದು ಚಾಕು ಮಾಡಿಕೊಟ್ಟ. ಈರಬಸಪ್ಪನವರು ಕಣ್ಣು ಮುಚ್ಚಿ, ಒಂದೊಂದನ್ನೂ ಕಿವಿಯ ಹತ್ತಿರ ಬಿಚ್ಚಿ, ಐದನ್ನೂ ಮರಳಿಸಿದರು. ಟಕ್ ಇರಲಿಲ್ಲ.

ಆರನೆಯದನ್ನು ತಂದ ದಿನ ಕಾಡಪ್ಪ ಮೆಟ್ಟಿಲಲ್ಲೇ ಅದೇ ವಾಡೆಯ ತರುಣ ಅವಧೂತನನ್ನು ಹಿಡಿದ. ಅವಧೂತ ಬಿ.ಎ. ಪಾಸು, ಕೆಲಸವಿಲ್ಲ. ಇದ್ದ ಒಂದೇ ವಿದ್ಯೆ ಅಣಕ. ಒಮ್ಮೆ ನಳದಲ್ಲಿ ನೀರು ಬಂದ ಸಪ್ಪಳ ಮಾಡಿ ವಾಡೆಯ ಹೆಂಗಸರನ್ನೆಲ್ಲ ಕೊಡ ಹಿಡಿದು ಓಡಿಬರುವಂತೆ ಮಾಡಿದ್ದ.

“ಅವಧೂತಪ್ಪಾರ, ಇದೂ ಮೂಕ ಹುಟ್ಟೇದರಿ,” ಎಂದ ಕಾಡಪ್ಪ. “ಅಲಗು ಕೂದಲಾ ಸೀಳ್ತದ. ಸಪ್ಪಳ ಮಾತ್ರ ಇಲ್ಲ. ಈ ಸಲ ಬ್ಯಾಡಂದ್ರ ಚಾಕು ಮಾಡೂದ ಬಿಟ್ಟು ಸೌಟು ಬಡಕೋತ ಕೂಡ್ತೀನಿ, ಯಜಮಾನ್ರಿಗೂ ಹಂಗ ಹೇಳೇನಿ.”

“ಚಾಕು ನೀ ಕೊಡು, ಬಾಯಿ ನಾ ಕೊಡ್ತೀನಿ.”

ಪಡಸಾಲೆಯಲ್ಲಿ ಈರಬಸಪ್ಪನವರು ಕಣ್ಣು ಮುಚ್ಚಿ ಕೂತರು. ಬೆನ್ನ ಹಿಂದೆ ಅವಧೂತ. ಅಲಗು ತೆರೆಯಿತು, ನಾಲಿಗೆ ಅಂಗುಳ ಬಿಟ್ಟಿತು. ಟಕ್!

“ಆಹಾ! ಕೇಳಿದ್ಯೇನ? ಆ ಒಂಬತ್ತೂ ಟ್ರಂಕಿನ್ಯಾಗ ನಾಚಿ ಸಾಯಬೇಕು! ಏ ಇವಳ, ಹಣ್ಣು ತಾ!”

ಹಂಗಾಮಿನ ಕೊನೆಯ ಹಾಪೂಸು ಮಾವು ತಾಟಿನಲ್ಲಿ ಬಂತು. ಆದರೆ ಅವರಿಗೆ ಆಸೆ ತೀರದು. ಮತ್ತೆ ಕಣ್ಣು ಮುಚ್ಚಿ ಬಿಚ್ಚಿದರು, ಟಕ್. ಇನ್ನೊಮ್ಮೆ, ಟಕ್. ಅವಧೂತನ ಬಾಯಿ ಒಣಗಿತು. ನಾಲ್ಕನೆಯ ಸಲ ಅಲಗಿಗೆ ಉಗುರು ಹಾಕಿದ್ದೇ ತಡ, ಈರಬಸಪ್ಪನವರಿಗೆ ಸೀನು ಬಂದು ಕೈ ನಿಂತಿತು.

ಟಕ್!

ಅವರು ಕಣ್ಣು ತೆರೆದರು. ಚಾಕು ಮುಚ್ಚಿಯೇ ಇತ್ತು. ಕಾಡಪ್ಪ ಚಪ್ಪಲಿ ಹುಡುಕತೊಡಗಿದ. ಈರಬಸಪ್ಪನವರು ನಿಧಾನವಾಗಿ ಹಿಂದಕ್ಕೆ ತಿರುಗಿ, ಅವಧೂತನ ಮುಖವನ್ನೇ ನೋಡುತ್ತ ಅಲಗನ್ನು ಪೂರ್ತಿ ಬಿಚ್ಚಿದರು. ಸಪ್ಪಳವೇ ಇಲ್ಲ.

“ಯಾಕಲೇ, ಕೆಲಸಾ ಬಿಟ್ಟಿ?”

“ಟಕ್...” ಎಂದ ಅವಧೂತ, ಕ್ಷೀಣವಾಗಿ.

ಈರಬಸಪ್ಪನವರ ಹೊಟ್ಟೆ ಮೊದಲು ಕುಣಿಯಿತು, ಆಮೇಲೆ ಮೀಸೆ. ಟಕ್ ಎಲ್ಲಿಂದ ಬರಬೇಕೆಂದು ಪ್ರತಿಜ್ಞೆಯಲ್ಲಿ ಹೇಳಿರಲಿಲ್ಲವಲ್ಲ! ಅಲಗು ಹಾಪೂಸಿನೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

“ಕಾಡಪ್ಪಾ, ಇನ್ನ ಸೌಟು ಬಡೀಬ್ಯಾಡ, ಚಾಕೂನ ಬಡಿ!” ಎಂದರು ಬಾಯ್ತುಂಬ ಹಣ್ಣಿಟ್ಟುಕೊಂಡು. “ವಿಲಾಯತಿ ಚಾಕೂಗ ಬರೇ ಒಂದು ಸ್ಪ್ರಿಂಗ್ ಸಾಕು. ನಮ್ಮದಕ್ಕ ನೋಡು, ಬಿ.ಎ. ಪಾಸಾದ ಮನಷ್ಯಾನ ಬೇಕು!”

ಕಾಡಪ್ಪ ನಕ್ಕ, ಸಾವಂತ್ರವ್ವ ಸೆರಗು ಬಾಯಿಗಿಟ್ಟು ನಕ್ಕರು. ಈರಬಸಪ್ಪನವರ ನಗೆಗೆ ಮಾತ್ರ ಎದುರು ಮಾಳಿಗೆಯ ಪಾರಿವಾಳಗಳೆಲ್ಲ ಹಾರಿಹೋದವು.