ಕಣ್ಣು ಬಿಡದ ಸೀತಾಫಲ

ಗುಡ್ಡದ ಸೀತಾಫಲ ಯಾರೊಬ್ಬರ ಸ್ವತ್ತೂ ಅಲ್ಲ. ಅದಕ್ಕೇ ಊರಿನಲ್ಲಿ ವರ್ಷವೂ ಪೈಪೋಟಿ. ಮೊದಲು ಹೋದವರಿಗೆ ಕಾಯಿ, ತಡವಾದವರಿಗೆ ಬರೀ ಎಲೆ. ಈ ಸಲ ಶಿವಲಕ್ಷ್ಮಮ್ಮ ಎಲ್ಲರಿಗಿಂತ ಮುಂಚೆ ಗುಡ್ಡ ಹತ್ತಿದಳು. ಕೈಗೆ ಎಟುಕದ ಕೊಂಬೆಗಳನ್ನು ಕುಡುಗೋಲಿನಿಂದ ಕಡಿದು ಕೆಡವಿದಳು. ಎರಡು ಬುಟ್ಟಿ ತುಂಬಿಸಿಕೊಂಡು ಹಿಂದೂಪುರದ ಬಸ್ಸು ಹಿಡಿದಳು.

ಹಣ್ಣಿನ ವ್ಯಾಪಾರಿ ಸುರೇಂದ್ರ ಒಂದು ಕಾಯಿ ಎತ್ತಿ ನೋಡಿ ವಾಪಸ್ಸಿಟ್ಟ. "ಪಚ್ಚಿ ಕಾಯಲಮ್ಮಾ, ವದ್ದು. ಎಳೇ ಕಾಯಿ, ಬ್ಯಾಡ. ಇವು ಹಣ್ಣಾಗಾಕಿಲ್ಲ, ಕಪ್ಪಾಗ್ತವೆ."

ಯಾರೂ ಕೊಳ್ಳಲಿಲ್ಲ. ಮನೆಗೆ ತಂದು ಹುಲ್ಲಿನಲ್ಲಿ ಮುಚ್ಚಿಟ್ಟಳು. ನಾಲ್ಕನೇ ದಿನ ನೋಡಿದರೆ ಸಿಪ್ಪೆಯೆಲ್ಲ ಕಪ್ಪು, ಒಳಗೆ ಕಲ್ಲಿನಂಥ ಗಟ್ಟಿ. ಎಮ್ಮೆ ಕೂಡ ಮೂಸಿ ಮುಖ ತಿರುಗಿಸಿತು.

ಮಹಿಳಾ ಸಂಘದ ಲೀಡರ್ ಶೋಭಾರಾಣಿ ಸುದ್ದಿ ಕೇಳಿ ಬಂದಳು.

"ನಾನು ಕೀಳ್ದಿದ್ರೆ ಬೇರೇರು ಕೀಳ್ತಿದ್ರು ಕಣಮ್ಮ. ನಾನೊಬ್ಳೇ ಕಾದು ಏನು ಮಾಡ್ಲಿ?" ಎಂದಳು ಶಿವಲಕ್ಷ್ಮಮ್ಮ.

"ಹೋದ್ವರ್ಷ ನಾನೂ ಹಂಗೇ ಅಂದೆ ಕಣಕ್ಕ. ಮುಂಚೆ ದೀಪಾವಳಿ ಗಂಟ ಹಣ್ಣು ಸಿಗ್ತಿತ್ತು. ಈಗ ದಸರಾಕ್ಕೇ ಗುಡ್ಡ ಬೋಳು. ಕೊಂಬೆ ಕಡ್ದುಬುಟ್ರೆ ಕಾಯಿ ಎಲ್ಲಿ ಬಿಡ್ತದೆ? ಒಬ್ರೇ ಕಾದ್ರೆ ನಷ್ಟ, ನಿಜ. ಎಲ್ರೂ ಕಾದ್ರೆ ಎಲ್ರಿಗೂ ಹಣ್ಣು."

ಜಗಲಿಯ ಮೇಲಿದ್ದ ಶಿವಲಕ್ಷ್ಮಮ್ಮನ ಗಂಡ ಓಬಣ್ಣ ನಕ್ಕ. "ಯಾರಾನ ಕದ್ದು ಹತ್ತಿದ್ರೆ?"

"ದಿನಾ ಇಬ್ಬಿಬ್ರು ಕಾವ್ಲು ಕೂರ್ತೀವಿ ಭಾವ."

ಮರುದಿನ ಸಂಘದಲ್ಲಿ ಮಾತಾಯಿತು. ಕಾಯಿಯ ಸಿಪ್ಪೆಯ ಮೇಲಿನ ಉಬ್ಬುಗಳು, ಅಂದರೆ ಕಣ್ಣುಗಳು, ಅರಳಿ ನಡುವೆ ಹಳದಿ ಗೆರೆ ಕಾಣುವವರೆಗೆ ಯಾರೂ ಕೀಳಬಾರದು. ಕಡಿಯಬಾರದು, ದೋಟಿಯಿಂದ ಕೀಳಬೇಕು. ಗಿಡಕ್ಕೆ ನಾಲ್ಕು ಹಣ್ಣು ಹಕ್ಕಿಗೂ ಬೀಜಕ್ಕೂ ಬಿಡಬೇಕು. ಮೊದಲ ಕಾವಲನ್ನು ಶಿವಲಕ್ಷ್ಮಮ್ಮನೇ ಕೇಳಿ ತೆಗೆದುಕೊಂಡಳು.

ಕಾವಲಿನ ಹೊತ್ತಲ್ಲಿ ಬುಟ್ಟಿ ಹಿಡಿದು ಬಂದವನು ಓಬಣ್ಣನೇ! "ಪಕ್ಕದೂರೋರು ಬರಾಕೆ ಮುಂಚೆ ಒಂದೇ ಬುಟ್ಟಿ ಕಣೆ."

ಜೊತೆ ಕಾವಲಿದ್ದ ಬೀರಕ್ಕ ಬೇರೆ ಕಡೆ ನೋಡಿದಳು. ಶಿವಲಕ್ಷ್ಮಮ್ಮನಿಗೆ ನಾಚಿಕೆಯಾಯಿತು. "ನಿನ್ನ ಬಿಟ್ರೆ ನಾಳೆ ಯಾರನ್ನ ತಡೀಲಿ? ನಡಿ ಮನೆಗೆ."

ಓಬಣ್ಣ ಗೊಣಗುತ್ತ ಇಳಿದು ಹೋದ.

ಮೂರು ವಾರದ ಮೇಲೆ ಹೆಂಗಸರೆಲ್ಲ ಒಟ್ಟಿಗೆ ಗುಡ್ಡ ಹತ್ತಿದರು. ಶಿವಲಕ್ಷ್ಮಮ್ಮ ಕಡಿದಿದ್ದ ಗಿಡಗಳಲ್ಲಿ ಮಾತ್ರ ಒಂದು ಹಣ್ಣೂ ಇರಲಿಲ್ಲ. ಉಳಿದವುಗಳಿಂದ ಎಲ್ಲರಿಗೂ ಬುಟ್ಟಿ ತುಂಬಿತು. ಓಬಣ್ಣ ಪೆನುಕೊಂಡದ ರಸ್ತೆ ಬದಿ ಕೂತು ಮಧ್ಯಾಹ್ನದೊಳಗೆ ತಮ್ಮ ಪಾಲಿನ ಹಣ್ಣೆಲ್ಲ ಮಾರಿ ಬಂದ. "ಬರೋ ವರ್ಷ ಕಾವ್ಲಿಗೆ ನಾನೂ ಬತ್ತೀನಿ" ಎಂದ.

ನಿಮ್ಮೂರ ಗುಡ್ಡದಲ್ಲಿ ಏನಿದೆ? ಸೀತಾಫಲವೋ, ನೆಲ್ಲಿಯೋ, ಪೊರಕೆ ಹುಲ್ಲೋ? ಯಾರದೂ ಅಲ್ಲವೆಂದು ದೋಚಿದರೆ ಯಾರಿಗೂ ಉಳಿಯುವುದಿಲ್ಲ. ಈ ವಾರವೇ ಸಂಘದಲ್ಲಿ ಕೂತು ಕೀಳುವ ದಿನ ಗೊತ್ತುಮಾಡಿ. ಆ ದಿನದವರೆಗೆ, ನಿಮ್ಮ ಮನೆಯವರನ್ನೂ ಸೇರಿಸಿ, ಎಲ್ಲರನ್ನೂ ತಡೆಯಿರಿ.