ದ್ವೀಪ ಮುಚ್ಚುವ ಮೊದಲು

೧

ಎಲ್ಲಿಂದ ಶುರು ಮಾಡಲಿ? ಆಸ್ಪತ್ರೆಯಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಕಣ್ಣೊರೆಸಿಕೊಳ್ಳಲು ಸಿದ್ಧರಾಗುತ್ತೀರಿ. ಮೊಬೈಲ್ ಗೇಮಿನಿಂದ ಶುರು ಮಾಡಿದರೆ ಇದು ಮಕ್ಕಳ ಕತೆಯೆಂದು ಪುಟ ತಿರುಗಿಸುತ್ತೀರಿ. ಎರಡನ್ನೂ ಬರೆದು ಹರಿದುಹಾಕಿದ್ದೇನೆ. ಕನ್ನಡಕದಂಗಡಿಯ ಹಿಂದಿನ ಕೋಣೆಗೆ ಬನ್ನಿ. ಅವಳು ಅಲ್ಲಿದ್ದಾಳೆ.

ಫ್ರೇಮಿನ ಆಕಾರಕ್ಕೆ ತಕ್ಕಂತೆ ಗಾಜಿನ ಅಂಚು ಉಜ್ಜುವುದು ಅವಳ ಕೆಲಸ. ನೀರು ಚಿಮ್ಮುವ ಚಕ್ರದ ಮುಂದೆ ದಿನವಿಡೀ ಕೂತು ಕೂತು ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿರುತ್ತವೆ. ಊಟದ ಬಿಡುವಿನಲ್ಲಿ ಡಬ್ಬಿಯನ್ನು ಗಬಗಬ ಮುಗಿಸಿ, ಕೈ ಒರೆಸಿಕೊಂಡು ಗೇಮ್ ತೆರೆಯುತ್ತಾಳೆ. ಮನೆಯಲ್ಲಿ ಗಂಡ, ಮಗಳ ಹೋಮ್‌ವರ್ಕ್, ಮಡಿಸಬೇಕಾದ ಬಟ್ಟೆಯ ಗುಡ್ಡೆ; ಅಲ್ಲಿ ಆಟಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಅವಳ ಕೈ ಪಳಗಲೇ ಇಲ್ಲ. ಬೇರೆಯವರು ಅರಮನೆ ಕಟ್ಟಿ ಮುಗಿಸುವ ಹೊತ್ತಿಗೆ ಇವಳದು ಒಂದು ಕೋಳಿಗೂಡು. (ಆ ಕೋಳಿಗಳೂ ಒಂದು ಸಲ ತಪ್ಪಿಸಿಕೊಂಡು ಹೋಗಿದ್ದವು.)

೨

ಗೇಮಿನಲ್ಲಿ ಒಂದು ದ್ವೀಪವಿದೆ. ಅದು ಅವಳದೂ ಅವಳ ತಮ್ಮನದೂ. ತಮ್ಮ ದೂರದ ಊರಿನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ. ಹಟ ಹಿಡಿದು ಇವಳನ್ನು ಸೇರಿಸಿದವನು ಅವನೇ.

"ದಿನಾ ಸ್ವಲ್ಪ ಹೊತ್ತು ಬಾ ಸಾಕು ಅಕ್ಕಾ. ಗಿಡಕ್ಕೆ ನೀರು ಹಾಕು, ಹೋಗು. ಉಳಿದಿದ್ದು ನಾನು ನೋಡ್ಕೋತೀನಿ."

ಆಮೇಲೆ ಅಮ್ಮ ಆಸ್ಪತ್ರೆ ಸೇರಿದಳು.

(ಇಲ್ಲಿ ಉದ್ದದೊಂದು ಪ್ಯಾರಾ ಇತ್ತು. ಮಾನಿಟರಿನ ಸದ್ದು, ಫಿನಾಯಿಲ್ ವಾಸನೆ, ಎಲ್ಲ ಹದವಾಗಿ ಬೆರೆಸಿದ್ದೆ. "ಅದೆಲ್ಲಾ ಯಾಕೆ, ನಡೆದಿದ್ದು ಹೇಳಿ" ಎಂದಳು ಅವಳು. ಹೊಡೆದುಹಾಕಿದೆ.)

ನಡೆದದ್ದು ಇಷ್ಟು. ಉಸಿರಾಟದ ಮೆಷಿನ್ ಇನ್ನೂ ಇಟ್ಟರೆ ಅಮ್ಮನಿಗೆ ಹಿಂಸೆಯೇ ಹೊರತು ಬೇರೇನಿಲ್ಲ ಎಂದರು ಡಾಕ್ಟರು. ತಮ್ಮ ಇನ್ನೂ ಬಸ್ಸಿನಲ್ಲಿದ್ದ. ಅಮ್ಮನ ಊದಿಕೊಂಡ ಮುಖವನ್ನು ನೋಡಲಾಗದೆ ಅವಳು ಹೂಂ ಎಂದಳು. ತಮ್ಮ ಓಡುತ್ತ ಬಂದಾಗ ಅಮ್ಮನ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು.

"ನಾನು ಬರೋ ತನಕ ಕಾಯೋಕಾಗ್ಲಿಲ್ವಾ ನಿಂಗೆ?"

ಅದೇ ಕೊನೆಯ ಮಾತು. ಆಮೇಲೆ ಇವಳ ಫೋನನ್ನು ಅವನು ಎತ್ತಲಿಲ್ಲ. ಮಾಡಿ ಮಾಡಿ ಇವಳೂ ಬಿಟ್ಟಳು. ಗೇಮ್ ತೆರೆಯುವುದನ್ನೂ ಬಿಟ್ಟಳು.

೩

ಎಷ್ಟೋ ತಿಂಗಳ ಮೇಲೆ, ಒಂದು ಬಿಡುವಿನಲ್ಲಿ, ಸುಮ್ಮನೆ ಗೇಮ್ ತೆರೆದಳು. ದ್ವೀಪವೆಲ್ಲ ಕಳೆ ಬೆಳೆದು ಹಾಳು ಸುರಿಯುತ್ತಿರಬಹುದು ಅಂದುಕೊಂಡಿದ್ದಳು. ನೋಡಿದರೆ ಗಿಡಗಳ ಬುಡ ಒದ್ದೆಯಾಗಿತ್ತು. ಕೋಳಿಗೂಡಿಗೆ ಹೊಸ ಬಾಗಿಲು, ಅದಕ್ಕೊಂದು ಚಿಲಕ.

ಅವಳು ಬಹಳ ಹೊತ್ತು ಆ ಚಿಲಕವನ್ನೇ ನೋಡಿದಳು. ದ್ವೀಪದಲ್ಲಿದ್ದ ಅವನ ಗುಡಿಸಲ ಮುಂದೆ ಹಳದಿ ಹೂವಿನ ಗಿಡ ನೆಟ್ಟು ಗೇಮ್ ಮುಚ್ಚಿದಳು. ಮರುದಿನ ಆ ಗಿಡದ ಸುತ್ತ ಬೇಲಿ ಎದ್ದಿತ್ತು. ಹೀಗೇ ನಡೆಯಿತು. ಇವಳಿದ್ದಾಗ ಅವನು ಬರುತ್ತಿರಲಿಲ್ಲ, ಅವನಿದ್ದಾಗ ಇವಳು ಚಕ್ರದ ಮುಂದೆ. ಚಾಟ್ ಮಾಡುವ ಜಾಗ ಖಾಲಿಯೇ ಇತ್ತು.

(ಕತೆಯನ್ನು ಇಲ್ಲಿಗೇ ನಿಲ್ಲಿಸುವ ಆಸೆಯಿತ್ತು. ಆದರೆ ಗೇಮಿನ ಕಂಪನಿಯವರು ಕತೆಗಾರರಲ್ಲ.)

೪

ಒಂದು ದಿನ ಪರದೆಯ ಮೇಲೆ ನೋಟಿಸ್ ಬಂತು. ಆಡುವವರು ಕಡಿಮೆಯಾಗಿದ್ದಾರೆ, ತಿಂಗಳ ಕೊನೆಗೆ ಗೇಮ್ ನಿಲ್ಲುತ್ತದೆ, ಸಹಕರಿಸಿ.

ಅವಳು ನೇರ ಅಂಗಡಿಯ ಯಜಮಾನರ ಮುಂದೆ ಹೋಗಿ ನಿಂತಳು.

"ಸಾರ್, ನಾಳೆ ರಜೆ ಬೇಕಿತ್ತು."

"ಯಾಕಮ್ಮಾ, ಹುಷಾರಿಲ್ವಾ?"

"ತಮ್ಮ ಬರ್ತಾನೆ."

"ಓಹೋ. ಎಷ್ಟೊತ್ತಿಗೆ ಬರ್ತಾರೆ?"

"ಅದೇ ಗೊತ್ತಿಲ್ಲ ಸಾರ್."

೫

ಗಂಡ, ಮಗಳು ಹೊರಟ ಮೇಲೆ ಮಂಚದ ಮೇಲೆ ಕೂತು ದ್ವೀಪಕ್ಕೆ ಹೋದಳು. ನೀರು ಹಾಕಿದ್ದಾಯಿತು, ಕಳೆ ಕಿತ್ತದ್ದಾಯಿತು. ಆಮೇಲೆ ದಡದಲ್ಲಿ ಸುಮ್ಮನೆ ನಿಂತಳು. ಏನೂ ಮಾಡದಿದ್ದರೆ ಗೇಮ್ ಹೊರಗೆ ತಳ್ಳುತ್ತದೆ. ಆಗಾಗ ಒಂದು ಹೆಜ್ಜೆ ಅತ್ತ, ಒಂದು ಹೆಜ್ಜೆ ಇತ್ತ ಇಡುತ್ತಿದ್ದಳು. ಇಷ್ಟು ಹೊತ್ತು ಅವಳು ಯಾರಿಗೂ ಕಾದವಳಲ್ಲ.

ನಾನು ಪಕ್ಕದಲ್ಲಿ ಕೂತು ಮುಕ್ತಾಯಗಳನ್ನು ಮುಂದಿಟ್ಟೆ. ಒಂದು: ತಮ್ಮ ಬರುವುದೇ ಇಲ್ಲ, ದ್ವೀಪ ಮಾಯವಾಗುತ್ತದೆ.

"ಅಷ್ಟೊಂದು ಕಟುಕರಾ ನೀವು?"

ಸರಿ, ಇನ್ನೊಂದು: ಬರುತ್ತಾನೆ, ಅಪ್ಪಿಕೊಳ್ಳುತ್ತಾನೆ, ಅಳುತ್ತಾನೆ.

"ನನ್ನ ತಮ್ಮನ್ನ ನೋಡೇ ಇಲ್ಲ ನೀವು."

ಮಧ್ಯಾಹ್ನ ಅವನು ಬಂದ. ಹುಲ್ಲಿನ ಟೋಪಿಯ ಅವನ ಪುಟ್ಟ ಗೊಂಬೆ ಗುಡಿಸಲಿಂದ ಹೊರಬಂದು, ಇವಳನ್ನು ಕಂಡು, ಗಕ್ಕನೆ ನಿಂತಿತು. ಹೊರಟುಹೋಗುತ್ತಾನೆ ಎಂದು ಅವಳು ಅಂದುಕೊಂಡಳು. ಅವನು ಹೋಗಲಿಲ್ಲ. ಖಾಲಿಯಿದ್ದ ಚಾಟ್ ಜಾಗದಲ್ಲಿ ಅಕ್ಷರಗಳು ಮೂಡಿದವು.

"ಅಮ್ಮ ಕೊನೇಲಿ ನನ್ನ ಕೇಳಿದ್ಲಾ?"

೬

ಇಷ್ಟು ದಿನ ಅವನು ಸಿಟ್ಟಿನಲ್ಲಿದ್ದಾನೆ ಎಂದೇ ಅವಳು ತಿಳಿದಿದ್ದಳು. ನೋಡಿದರೆ ಅವನು ಈ ಪ್ರಶ್ನೆ ಕೇಳಲು ಹೆದರಿ ಕೂತಿದ್ದ.

ಅಮ್ಮ ಯಾರನ್ನೂ ಕೇಳಿರಲಿಲ್ಲ. ಅಮ್ಮನಿಗೆ ಎಚ್ಚರವೇ ಇರಲಿಲ್ಲ.

"ಕೇಳಿದ್ಲು ಅಂತ ಬರೆದುಬಿಡಿ. ಅವನ ಮನಸ್ಸಿಗೆ ಸಮಾಧಾನ" ಎಂದೆ.

"ಹಾಗೆ ಬರೆದ್ರೆ, ಅಮ್ಮ ಅವನನ್ನ ಕೇಳ್ತಿರೋವಾಗ್ಲೇ ನಾನು ಹೂಂ ಅಂದೆ ಅಂತಾಗುತ್ತೆ."

"ಹಾಗಾದ್ರೆ ಇಲ್ಲ ಅನ್ನಿ."

"ಆಗ ಅವನಿಗೆ ಏನು ಉಳಿಯುತ್ತೆ?"

ಪುಟ್ಟ ಗೊಂಬೆ ಕಾಯುತ್ತಲೇ ಇತ್ತು. ಕೊನೆಗೆ ಅವಳು "ಫೋನ್ ಎತ್ತು" ಎಂದಷ್ಟೇ ಬರೆದು, ದ್ವೀಪದಿಂದ ಹೊರಬಂದು, ನಂಬರ್ ಒತ್ತಿದಳು. ರಿಂಗಾಗತೊಡಗಿತು. ಆಗ ನನ್ನತ್ತ ನೋಡಿದಳು.

"ಇನ್ನೂ ಇಲ್ಲೇ ಕೂತಿದ್ದೀರಾ? ಸ್ವಲ್ಪ ಆಚೆ ಹೋಗಿ. ಇದು ನಮ್ಮನೆ ವಿಷಯ."

ಎದ್ದು ಬಂದೆ. ಅವಳೇ ಒಳಗಿನಿಂದ ಬಾಗಿಲು ಹಾಕಿಕೊಂಡಳು. ಆಮೇಲೆ "ಹಲೋ" ಅಂದದ್ದು ಕೇಳಿಸಿತು. ಅಲ್ಲಿಂದ ಮುಂದೆ ತಗ್ಗಿದ ಮಾತು. ಬಾಗಿಲಿಗೆ ಕಿವಿಯಿಟ್ಟಿದ್ದರೆ ಏನು ಹೇಳಿದಳೆಂದು ತಿಳಿಯುತ್ತಿತ್ತು.

ಇಡಲಿಲ್ಲ. ನೀವೂ ಇಡಬೇಡಿ.